ಪೈಪಿಗೆ ಫಿಲ್ಟರ್ ಬೇಕೆ? ಬೇಕಾದರೆ ಯಾವುದು?

ತಂಬಾಕು ಸೇದುವ ಪೈಪು ಕೊಳ್ಳಲು ಹೋದವನ ಕಣ್ಣು ಮೊದಲು ಬೀಳುವುದು ಎಲೆ ತುಂಬುವ ಬಟ್ಟಲಿನ ಮೇಲೆ. ಮರದ ಎಳೆ ಹೇಗೆ ಓಡಿದೆ, ಬಾಗು ಎಷ್ಟಿದೆ, ಅಂಗೈಯಲ್ಲಿ ಹೇಗೆ ಕೂರುತ್ತದೆ ಎಂದು ತಿರುಗಿಸಿ ತಿರುಗಿಸಿ ನೋಡುತ್ತಾನೆ. ಬಾಯಿನಳಿಗೆಯನ್ನು ಕಳಚಿ, ಪೈಪಿನೊಳಗೆ ಸಿಕ್ಕಿಸುವ ಅದರ ಮೊನೆಯಲ್ಲಿ ಫಿಲ್ಟರ್ ಕೂರುವ ರಂಧ್ರವನ್ನು ಬೆಳಕಿಗೆ ಹಿಡಿದು ನೋಡುವವರು ವಿರಳ. ನಾನೂ ನೋಡಿರಲಿಲ್ಲ. ಜರ್ಮನಿಯಲ್ಲಿ ಕೆಲಸದಲ್ಲಿರುವ ನನ್ನ ಸೋದರತ್ತೆಯ ಮಗ ಊರಿಗೆ ಬರುವಾಗ ಒಂದು ಪೈಪು ತಂದುಕೊಟ್ಟಿದ್ದ. ಜೊತೆಯಲ್ಲಿ ಕೊಟ್ಟಿದ್ದ ಹತ್ತು ಫಿಲ್ಟರುಗಳು ಮುಗಿದ ಮೇಲೆ ಒಂದು ಅಂಗಡಿಗೆ ಹೇಳಿ ಪೊಟ್ಟಣವೊಂದನ್ನು ತರಿಸಿಕೊಂಡೆ. ಬಂದದ್ದು 6 ಮಿಲಿಮೀಟರಿನದು, ನನ್ನ ಪೈಪು 9 ಮಿಲಿಮೀಟರಿನದು. ಒಳಗೆ ಹಾಕಿ ಅಲ್ಲಾಡಿಸಿದರೆ ಒಣಗಿದ ಶೇಂಗಾಕಾಯಿಯೊಳಗಿನ ಬೀಜದಂತೆ ಕಟಕಟ ಎನ್ನುತ್ತಿತ್ತು. ತಪ್ಪು ಅಂಗಡಿಯವರದಲ್ಲ. ನಾನು ಅಳತೆ ಹೇಳಿರಲೇ ಇಲ್ಲ. ಅಳತೆ ಎಂಬುದೊಂದು ಇದೆ ಎಂದೇ ನನಗೆ ಗೊತ್ತಿರಲಿಲ್ಲ.

ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಫಿಲ್ಟರನ್ನು ಆರಿಸುವುದು ಪೈಪು ಕೊಂಡ ಮೇಲಿನ ಕೆಲಸವಲ್ಲ. ಪೈಪಿಗೆ ದುಡ್ಡು ಎಣಿಸುವ ಹೊತ್ತಿಗೆ ಆ ಆಯ್ಕೆ ಮುಗಿದೇ ಹೋಗಿರುತ್ತದೆ. ಫಿಲ್ಟರ್ ಇಲ್ಲದ ಮಾಮೂಲಿ ಪೈಪಿನ ಹೊಗೆದಾರಿ 3.5ರಿಂದ 4 ಮಿಲಿಮೀಟರ್ ಅಗಲ ಇರುತ್ತದೆ. ಅದರ ಬಾಯಿನಳಿಗೆಯ ಮೊನೆಯ ಹೊರಸುತ್ತೇ ಅನೇಕ ಪೈಪುಗಳಲ್ಲಿ ಎಂಟು ಮಿಲಿಮೀಟರಿನ ಆಸುಪಾಸು. ಎಂಟರ ಕಡ್ಡಿಯೊಳಗೆ ಒಂಬತ್ತರ ತೂತು ಕೊರೆಯುವ ಬಡಗಿ ಇನ್ನೂ ಹುಟ್ಟಿಲ್ಲ. ಆದರೆ 9 ಮಿಲಿಮೀಟರಿನ ಪೈಪಿಗೆ ಅಡಾಪ್ಟರ್ ಎಂಬ ಚಿಕ್ಕ ಕೊಳವೆಯನ್ನು ತುರುಕಿದರೆ ಅದು ಫಿಲ್ಟರ್ ಇಲ್ಲದ ಪೈಪಿನಂತೆ ನಡೆದುಕೊಳ್ಳುತ್ತದೆ. ಅಂದರೆ ದೊಡ್ಡ ರಂಧ್ರದಿಂದ ಸಣ್ಣದಕ್ಕೆ ದಾರಿಯಿದೆ, ಸಣ್ಣದರಿಂದ ದೊಡ್ಡದಕ್ಕೆ ಇಲ್ಲ. ಮನಸ್ಸು ಇನ್ನೂ ಗಟ್ಟಿಯಾಗದವರಿಗೆ ಈ ಒಂದು ಮಾತೇ ಅರ್ಧ ಉತ್ತರ.

ಗೊಳಗೊಳ ಸದ್ದಿನ ಮೂಲ

ಯಾವ ಫಿಲ್ಟರ್ ಒಳ್ಳೆಯದು ಎಂದು ಕೇಳುವ ಮೊದಲು ಅದು ಏನನ್ನು ತಡೆಯಬೇಕು ಎಂಬುದು ಸ್ಪಷ್ಟವಾಗಬೇಕು. ಪೈಪು ಸೇದುವವರು ಫಿಲ್ಟರಿನ ಮೊರೆ ಹೋಗುವುದು ಹೆಚ್ಚಾಗಿ ಎರಡು ಕಾಟಗಳಿಂದ. ಒಂದು, ಅರ್ಧ ಬಟ್ಟಲು ಮುಗಿಯುವಷ್ಟರಲ್ಲಿ ಪೈಪಿನ ಕತ್ತಿನಲ್ಲಿ, ಅಂದರೆ ಬಟ್ಟಲಿಗೂ ಬಾಯಿನಳಿಗೆಗೂ ನಡುವಿನ ಭಾಗದಲ್ಲಿ, ನೀರು ನಿಂತು ಗುಡಗುಡಿಯಂತೆ ಸದ್ದು ಮಾಡುವುದು. ಇನ್ನೊಂದು, ನಾಲಗೆ ಚುರುಚುರು ಎನ್ನುವುದು. ಬಿಸಿ ಸಾರನ್ನು ಆತುರದಲ್ಲಿ ಕುಡಿದ ಮರುದಿನ ನಾಲಗೆ ಹೇಗಿರುತ್ತದೋ ಹಾಗೆ.

ನೀರು ಎಲ್ಲಿಂದ ಬರುತ್ತದೆ? ಬಾಯಿಯ ಜೊಲ್ಲು ಎಂದು ಹಲವರು ನಾಚಿಕೊಳ್ಳುತ್ತಾರೆ. ಸ್ವಲ್ಪ ಮಟ್ಟಿಗೆ ನಿಜವೂ ಹೌದು. ಆದರೆ ಬಹುಪಾಲು ನೀರು ಹೊಗೆಯಲ್ಲೇ ಇರುತ್ತದೆ. ಎಲೆಯಲ್ಲಿ ಮೊದಲೇ ಇದ್ದ ತೇವ ಆವಿಯಾಗುತ್ತದೆ. ಅದಲ್ಲದೆ, ಯಾವುದೇ ಸೊಪ್ಪು ಸೌದೆ ಉರಿದರೂ ಆ ಉರಿಯಿಂದಲೇ ನೀರು ಹುಟ್ಟುತ್ತದೆ. ಬಟ್ಟಲಿನಿಂದ ಹೊರಟ ಬಿಸಿ ಆವಿ ತಣ್ಣನೆಯ ಕತ್ತನ್ನು ಮುಟ್ಟಿದೊಡನೆ, ಕುದಿಯುವ ಅನ್ನದ ಪಾತ್ರೆಯ ಮುಚ್ಚಳದಲ್ಲಿ ಆಗುವಂತೆ, ಹನಿಯಾಗುತ್ತದೆ. ದಾರಿಯಲ್ಲಿ ಎಲ್ಲಾದರೂ ಹಠಾತ್ತನೆ ಜಾಗ ಅಗಲವಾದರೆ ಹೊಗೆ ಅಲ್ಲಿ ನಿಧಾನಗೊಂಡು ಸುಳಿ ತಿರುಗುತ್ತದೆ, ಹನಿ ಇನ್ನೂ ಹೆಚ್ಚುತ್ತದೆ. 9 ಮಿಲಿಮೀಟರಿನ ಪೈಪನ್ನು ಫಿಲ್ಟರೂ ಇಲ್ಲದೆ ಅಡಾಪ್ಟರೂ ಇಲ್ಲದೆ ಸೇದಿದರೆ ಒದ್ದೆಯಾಗುವುದು ಈ ಕಾರಣಕ್ಕೆ. ಖಾಲಿ ಬಿಟ್ಟ ಆ ಕೋಣೆಯೇ ನೀರಿನ ತೊಟ್ಟಿಯಾಗುತ್ತದೆ. ಫಿಲ್ಟರ್ ಮುಗಿದಿದೆ, ಇವತ್ತೊಂದು ದಿನ ಹಾಗೆಯೇ ಸೇದೋಣ ಎಂದು ನಾನು ಮಾಡಿದ ಪ್ರಯೋಗದ ಕಹಿ ಹನಿ ನೇರವಾಗಿ ಗಂಟಲಿಗೆ ಇಳಿದದ್ದು ಇನ್ನೂ ನೆನಪಿದೆ.

ನಾಲಗೆಯ ಉರಿಗೆ ಕಾರಣ ಬರಿಯ ಬಿಸಿಯಲ್ಲ. ಒದ್ದೆ ಎಲೆಯಿಂದ ಬರುವ ಬಿಸಿ ಹಬೆ ಒಂದು ಕಾರಣ, ಹೊಗೆಯ ಕ್ಷಾರಗುಣ ಇನ್ನೊಂದು, ಅವಸರದ ಸೇದಾಟ ಎಲ್ಲಕ್ಕಿಂತ ದೊಡ್ಡದು. ಈ ಮೂರರಲ್ಲಿ ಫಿಲ್ಟರ್ ಚೆನ್ನಾಗಿ ನಿಭಾಯಿಸುವುದು ಮೊದಲನೆಯದನ್ನು.

ಇದ್ದಿಲಿನ 9 ಮಿಲಿಮೀಟರ್

ಜರ್ಮನಿಯಲ್ಲಿ ಪೈಪು ಎಂದರೆ ಬಹುಮಟ್ಟಿಗೆ 9 ಮಿಲಿಮೀಟರ್. ನ್ಯೂರೆಂಬರ್ಗಿನ ವಾವೆನ್ ಕಂಪನಿ 1848ರ ಮೂಲದ್ದು. ಅದರ ಹೆಸರೇ ಜರ್ಮನ್ ಉಚ್ಚಾರದ ವಿ ಮತ್ತು ಎನ್ ಎಂಬ ಎರಡು ಅಕ್ಷರಗಳ ಕೂಟ. ಆ ಕಂಪನಿಯ ‘ಡಾಕ್ಟರ್ ಪೆರ್ಲ್’ ಫಿಲ್ಟರು ಅಲ್ಲಿನ ಪೈಪುಪ್ರಿಯರ ಮನೆಮಾತು. ಕಾಗದದ ಕೊಳವೆ, ಎರಡು ತುದಿಗೂ ತೂತುಗಳಿರುವ ಸಿರಾಮಿಕ್ ಬಿಲ್ಲೆ, ನಡುವೆ ಸಕ್ರಿಯಗೊಳಿಸಿದ ಇದ್ದಿಲಿನ ಕಾಳು. ಸುಮಾರು ನಾಲ್ಕು ಸೆಂಟಿಮೀಟರ್ ಉದ್ದ. ಇಂಥದ್ದೇ ರಚನೆಯ ಫಿಲ್ಟರುಗಳನ್ನು ಬೇರೆ ಹಲವರೂ ಮಾಡುತ್ತಾರೆ. ಕೆಲವದರಲ್ಲಿ ಒಂದು ತುದಿ ಸಿರಾಮಿಕ್, ಇನ್ನೊಂದು ಪ್ಲಾಸ್ಟಿಕ್. ಆಗ ಸಿರಾಮಿಕ್ ತುದಿ ಬಟ್ಟಲಿನ ಕಡೆಗೆ ಇರಬೇಕು, ಪ್ಲಾಸ್ಟಿಕ್ ತುದಿ ಬಾಯಿಯ ಕಡೆಗೆ. ಬಿಸಿ ಬರುವುದು ಯಾವ ಕಡೆಯಿಂದ ಎಂದು ಒಂದು ಕ್ಷಣ ಯೋಚಿಸಿದರೆ ಇದು ಮರೆಯುವುದಿಲ್ಲ.

ಸಕ್ರಿಯ ಇದ್ದಿಲು ಎಂದರೆ ಒಲೆಯಲ್ಲಿ ಉಳಿದ ಕೆಂಡದ ಚೂರಲ್ಲ. ಅದರೊಳಗೆ ಕಣ್ಣಿಗೆ ಕಾಣದ ಬಿಲಗಳು ಎಷ್ಟಿರುತ್ತವೆ ಎಂದರೆ, ಒಂದು ಗ್ರಾಮಿನ ಒಳಮೈಯನ್ನು ಬಿಡಿಸಿ ಹಾಸಿದರೆ ನೂರಾರು ಚದರ ಮೀಟರ್ ಆಗುತ್ತದೆ. ಒಳ್ಳೆಯ ಇದ್ದಿಲಿನಲ್ಲಿ ಸಾವಿರವನ್ನೂ ದಾಟುತ್ತದೆ. ಹಾದುಹೋಗುವ ಆವಿಯ ಅಣುಗಳು ಆ ಗೋಡೆಗಳಿಗೆ ಅಂಟಿಕೊಳ್ಳುತ್ತವೆ. ಹೊಗೆ ಮೃದುವಾಗುವುದು, ಒಣಗಿದಂತೆ ಅನ್ನಿಸುವುದು ಇದರಿಂದ. ಆದರೆ ಇದ್ದಿಲಿಗೆ ಕೆಟ್ಟ ಅಣು, ಸುವಾಸನೆಯ ಅಣು ಎಂಬ ಭೇದ ಗೊತ್ತಿಲ್ಲ. ಕಟುವಾದದ್ದರ ಜೊತೆಗೆ ಎಲೆಯ ಸಿಹಿಗಂಪು, ಹುಲ್ಲಿನ ವಾಸನೆ, ಹುರಿದ ಕಾಳಿನ ಛಾಯೆ ಎಲ್ಲವೂ ಒಂದಷ್ಟು ಅಲ್ಲೇ ಉಳಿಯುತ್ತವೆ. ಫಿಲ್ಟರ್ ಹೊಸದಾಗಿರುವಾಗಿನ ಮೊದಲ ಕೆಲವು ದಮ್ಮು ಚಪ್ಪೆ ಎನ್ನಿಸುವುದು ಅದಕ್ಕೇ. ಚಿಕೋರಿಯಿಲ್ಲದ ಕಾಫಿ ಕುಡಿದು ಅಭ್ಯಾಸವಾದವನಿಗೆ ಸಮಸಮ ಬೆರೆಸಿದ ಕಾಫಿ ಕೊಟ್ಟಂತೆ: ಕುಡಿಯಬಹುದು, ಆದರೆ ಏನೋ ಕಳೆದುಹೋಗಿದೆ.

ಖರ್ಚಿನ ಲೆಕ್ಕವನ್ನೂ ಇಲ್ಲಿಯೇ ಹಾಕಿಕೊಳ್ಳಬೇಕು. ಇದು ಒಂದು ಸಲಕ್ಕೆ ಒಂದು; ಹೆಚ್ಚೆಂದರೆ ಎರಡು ಸಲ. ದಿನಕ್ಕೊಂದು ಬಟ್ಟಲು ಸೇದುವವನಿಗೆ ವರ್ಷಕ್ಕೆ 40ರ ಪೊಟ್ಟಣ ಒಂಬತ್ತು ಮುಗಿದು ಇನ್ನೂ ಐದು ದಿನ ಉಳಿಯುತ್ತದೆ. ಜರ್ಮನಿಯಲ್ಲಿ ಇದು ಬೀದಿ ತಿರುವಿನ ಅಂಗಡಿಯ ಮಾಲು. ಇಲ್ಲಿ ಯಾರಾದರೂ ಬರುವಾಗ ತರಬೇಕು, ಇಲ್ಲವೇ ದೊಡ್ಡ ಊರಿನ ಒಂದೆರಡು ಅಂಗಡಿಗಳನ್ನು ನೆಚ್ಚಿಕೊಳ್ಳಬೇಕು. ಪೈಪನ್ನು ಉಡುಗೊರೆಯಾಗಿ ಕೊಟ್ಟವನು ಫಿಲ್ಟರಿನ ಜವಾಬ್ದಾರಿಯನ್ನು ಹೊರುವುದಿಲ್ಲ ಎಂಬುದನ್ನು ಅನುಭವದಿಂದ ಹೇಳುತ್ತಿದ್ದೇನೆ.

ಇದೇ 9ರ ಅಳತೆಯಲ್ಲಿ ಇದ್ದಿಲಿನ ಬದಲು ಮೀರ್ಶಾಮ್ ಕಾಳು ತುಂಬಿದವೂ ಸಿಗುತ್ತವೆ. ಮೀರ್ಶಾಮ್ ಎಂದರೆ ಜರ್ಮನ್ ಭಾಷೆಯಲ್ಲಿ ಕಡಲನೊರೆ. ತುರ್ಕಿಯ ಎಸ್ಕಿಶೆಹಿರ್ ಸುತ್ತ ನೆಲದಡಿಯಿಂದ ತೆಗೆಯುವ, ನೀರು ಹೀರುವ ಹಗುರ ಖನಿಜ. ಇದು ತೇವವನ್ನು ಎಳೆದುಕೊಳ್ಳುತ್ತದೆ, ರುಚಿಯನ್ನು ಇದ್ದಿಲಿನಷ್ಟು ಕಸಿಯುವುದಿಲ್ಲ. 9 ಮಿಲಿಮೀಟರಿನ ಪೈಪು ಈಗಾಗಲೇ ಕೈಯಲ್ಲಿದ್ದು, ಇದ್ದಿಲಿನ ಚಪ್ಪೆತನ ಒಗ್ಗದಿದ್ದರೆ, ಪೈಪನ್ನು ಬದಲಿಸುವ ಮೊದಲು ಇದನ್ನೊಮ್ಮೆ ನೋಡಬಹುದು. ಸಿಲಿಕಾ ಜೆಲ್ ಹರಳಿನವೂ ಇವೆ. ಅವುಗಳ ಕೆಲಸ ಮುಖ್ಯವಾಗಿ ನೀರು ಹೀರುವುದು.

ಬಾಲ್ಸಾ, ಮೇಪಲ್, ಕಾಗದ

ನನ್ನ ಒಲವು ಯಾವುದರ ಕಡೆಗೆ ಎಂದು ಕೇಳಿದರೆ ಬಾಲ್ಸಾ ಎನ್ನುತ್ತೇನೆ. ದಕ್ಷಿಣ ಅಮೆರಿಕದ ಈ ಮರ ಹತ್ತಿಯಷ್ಟು ಹಗುರ. ಶಾಲಾ ಮಕ್ಕಳು ಆಟದ ವಿಮಾನ ಮಾಡುವುದು ಇದರಿಂದಲೇ. ಅದನ್ನು ಪೈಪಿನೊಳಗೆ ತಂದು ಹೆಸರು ಮಾಡಿದ್ದು ಇಟಲಿಯ ಸವಿನೆಲ್ಲಿ. 1876ರಲ್ಲಿ ಮಿಲಾನಿನಲ್ಲಿ ಅಂಗಡಿಯಾಗಿ ಶುರುವಾದ ಮನೆತನ. 6 ಮಿಲಿಮೀಟರಿನ ಬಾಲ್ಸಾ ತುಂಡು ದುಂಡಗಿರುವುದಿಲ್ಲ, ಮೂರು ಮೂಲೆಯದು. ದುಂಡು ರಂಧ್ರದೊಳಗೆ ಮೂರು ಮೂಲೆಯ ಕಡ್ಡಿ ಕೂತರೆ ಅದರ ಮೂರು ಮೈಗಳ ಪಕ್ಕದಲ್ಲಿ ಮೂರು ಸಂದುಗಳು ಉಳಿಯುತ್ತವೆ. ಹೊಗೆ ಮರವನ್ನು ಸೀಳಿಕೊಂಡು ಹೋಗುವುದಿಲ್ಲ, ಅದರ ಮೈ ಸವರಿಕೊಂಡು ಹೋಗುತ್ತದೆ. ನೀರು ಮಾತ್ರ ಮರಕ್ಕೆ ಇಂಗುತ್ತದೆ. ಇದನ್ನು ಯೋಚಿಸಿದವನ ತಲೆಗೆ ನಮಸ್ಕಾರ. ಎಳೆತಕ್ಕೆ ಅಡ್ಡಿಯೂ ಕಡಿಮೆ, ರುಚಿಯೂ ಬಹುಪಾಲು ಉಳಿಯುತ್ತದೆ. ಒಂದು ತುಂಡನ್ನು ಒಣಗಿಸಿಕೊಂಡು ಕೆಲವು ಸಲ ಬಳಸಬಹುದು. ಕಪ್ಪಾಗಿ ವಾಸನೆ ಹಿಡಿದ ದಿನ ಎಸೆದರಾಯಿತು. ಫಿಲ್ಟರ್ ಬೇಡವೆನಿಸಿದ ದಿನಕ್ಕೆ ಅಡಾಪ್ಟರನ್ನೂ ಜೊತೆಗೇ ಕೊಡುತ್ತಾರೆ.

ಇಲ್ಲಿರುವವರಿಗೆ ಇದರಲ್ಲಿ ಇನ್ನೊಂದು ಅನುಕೂಲವಿದೆ. ಬೆಂಗಳೂರಿನಂಥ ಊರಿನಲ್ಲಿ ಮಾದರಿ ವಿಮಾನದ ಸಾಮಾನು ಮಾರುವ ಅಂಗಡಿಗಳಲ್ಲಿ ಬಾಲ್ಸಾ ಹಲಗೆ ಸಿಗುತ್ತದೆ. ಅಂಟು, ಬಣ್ಣ, ವಾರ್ನಿಷ್ ಯಾವುದೂ ಸೋಕದ ಹಸನಾದ ಹಲಗೆಯನ್ನು ತಂದು, ಉಕ್ಕಿನ ಅಳತೆಪಟ್ಟಿ ಇಟ್ಟು ಹರಿತವಾದ ಬ್ಲೇಡಿನಿಂದ ಕೊಯ್ದರೆ ಒಂದು ಹಲಗೆಯಲ್ಲಿ ತಿಂಗಳುಗಳ ಸರಕು ಸಿದ್ಧ. ನಾನು ಕೊಯ್ದ ಮೊದಲ ಹತ್ತು ತುಂಡುಗಳಲ್ಲಿ ಆರು ಸೊಟ್ಟಗಿದ್ದವು. ಪೈಪು ಅದನ್ನೇನೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ಕೆನಡಾದ ಬ್ರಿಗಮ್ ಪೈಪುಗಳದು ಬೇರೆ ದಾರಿ. 1906ರಲ್ಲಿ ಟೊರಾಂಟೊದಲ್ಲಿ ಆರಂಭವಾದ ಈ ಹೆಸರಿನ ಪೈಪಿನೊಳಗೆ ಮೇಪಲ್ ಮರದ ಉದ್ದನೆಯ ಟೊಳ್ಳು ಕೊಳವೆ ಇರುತ್ತದೆ. ಅದನ್ನು ತೊಳೆದು ಒಣಗಿಸಿ ಮತ್ತೆ ಮತ್ತೆ ಬಳಸಬಹುದು. ಆದರೆ ಅದು ಆ ಪೈಪಿಗೆ ಮಾತ್ರ ಹೊಂದುತ್ತದೆ. ಒಬ್ಬನೇ ಮಾರಾಟಗಾರನಿಗೆ ಕಟ್ಟುಬೀಳಲು ಒಪ್ಪಿಗೆಯಿದ್ದರೆ ಮಾತ್ರ ಆ ಕಡೆ ಹೋಗಿ.

ಕಾಗದದ 6 ಮಿಲಿಮೀಟರಿನ ಸುರುಳಿ ಅಮೆರಿಕದ ಅಭ್ಯಾಸ. ಮೆಡಿಕೊ ಎಂಬುದು ಅದರಲ್ಲಿ ಪ್ರಸಿದ್ಧ ಹೆಸರು. ಮಿಸೌರಿ ರಾಜ್ಯದ ವಾಷಿಂಗ್ಟನ್ ಎಂಬ ಪುಟ್ಟ ಊರಿನಲ್ಲಿ 1869ರಿಂದ ಮೆಕ್ಕೆಜೋಳದ ದಿಂಡಿನಿಂದ ಪೈಪು ಮಾಡುತ್ತಾ ಬಂದಿರುವ ಮಿಸೌರಿ ಮೀರ್ಶಾಮ್ ಕಂಪನಿಯ ಅನೇಕ ಪೈಪುಗಳೂ ಇದೇ 6ರ ಅಳತೆಯವು. ಕಾಗದ ಅಗ್ಗ, ನೀರನ್ನೂ ಹೀರುತ್ತದೆ. ಆದರೆ ಬೇಗ ನೆನೆದು ಮುದ್ದೆಯಾಗುತ್ತದೆ, ಎಳೆತ ಬಿಗಿಯಾಗುತ್ತದೆ. ಬಿಗಿಯಾದೊಡನೆ ನಾವು ಗೊತ್ತಿಲ್ಲದೆಯೇ ಜೋರಾಗಿ ಸೇದುತ್ತೇವೆ, ಬಟ್ಟಲು ಕಾಯುತ್ತದೆ, ನಾಲಗೆ ಉರಿಯುತ್ತದೆ. ಯಾವ ಕಾಟಕ್ಕಾಗಿ ಫಿಲ್ಟರ್ ಹಾಕಿದೆವೋ ಅದೇ ಹಿಂಬಾಗಿಲಿನಿಂದ ಒಳಗೆ ಬಂದಂತಾಯಿತು. ಹೊಸಬರು ಅಗ್ಗದ ಜೋಳದ ಪೈಪಿನಿಂದ ಶುರು ಮಾಡುವುದಾದರೆ ಕಾಗದದ ಬದಲು ಅದೇ ಅಳತೆಯ ಬಾಲ್ಸಾ ತುಂಡನ್ನು ಹಾಕಿ ನೋಡಲಿ.

ಹಳೆಯ ಕೆಲವು ಪೈಪುಗಳಲ್ಲಿ ಬಾಯಿನಳಿಗೆಯ ತುದಿಗೆ ಲೋಹದ ಚಿಕ್ಕ ಕಡ್ಡಿಯೋ ಗುಂಡೋ ಸಿಕ್ಕಿಸಿರುತ್ತಾರೆ, ಕೇವುಡಿ ಕಂಪನಿಯ ಪೈಪುಗಳಲ್ಲಿ ಇರುವ ಹಾಗೆ. ತಣ್ಣನೆಯ ಲೋಹಕ್ಕೆ ತಾಗಿ ಆವಿ ನೀರಾಗಲಿ ಎಂಬ ಲೆಕ್ಕ. ನೀರಾಗುವುದೇನೋ ನಿಜ, ಆ ನೀರು ಎಲ್ಲಿಗೆ ಹೋಗಬೇಕು? ಅನೇಕರು ಅದನ್ನು ಕಿತ್ತು ಪೆಟ್ಟಿಗೆಯಲ್ಲಿಟ್ಟು ಮರೆಯುತ್ತಾರೆ. ನಾನೂ ಅವರ ಪಂಗಡದವನೇ.

ಫಿಲ್ಟರ್ ಅಲ್ಲದ ಫಿಲ್ಟರ್

ಡಬ್ಲಿನ್ನಿನ ಚಾರ್ಲ್ಸ್ ಪೀಟರ್ಸನ್ ನೀರನ್ನು ಹೀರುವ ಬದಲು ಅದಕ್ಕೊಂದು ಗುಂಡಿ ತೋಡಿದ. 1890ರಲ್ಲಿ ಆತ ಪೇಟೆಂಟ್ ಪಡೆದ ‘ಸಿಸ್ಟಮ್’ ಪೈಪಿನ ಕತ್ತಿನೊಳಗೆ, ಹೊಗೆದಾರಿಗಿಂತ ಕೆಳಗೆ, ಒಂದು ಬಾವಿ ಇರುತ್ತದೆ. ಹೊಗೆ ಮೇಲಿನಿಂದ ಸಾಗುತ್ತದೆ, ಹನಿ ಕೆಳಗೆ ಜಾರಿ ನಿಲ್ಲುತ್ತದೆ. 1898ರಲ್ಲಿ ಬಾಯಿಗಿಡುವ ತುದಿಗೂ ಹೊಸ ರೂಪ ಕೊಟ್ಟು, ಹೊಗೆ ನೇರವಾಗಿ ನಾಲಗೆಗೆ ಬಡಿಯದೆ ಅಂಗುಳದ ಕಡೆಗೆ ಏಳುವಂತೆ ರಂಧ್ರವನ್ನು ಮೇಲಕ್ಕೆ ತಿರುಗಿಸಿದ. ಅದನ್ನು ಇಂದಿಗೂ ಪಿ-ಲಿಪ್ ಎನ್ನುತ್ತಾರೆ. ಕೊಳ್ಳುವ ಫಿಲ್ಟರ್ ಏನೂ ಇಲ್ಲ, ಖರ್ಚಿಲ್ಲ. ಸೇದಿ ಮುಗಿದ ಮೇಲೆ ಬಾವಿಯನ್ನು ಒರೆಸಬೇಕು, ಅಷ್ಟೆ. ಒರೆಸದವನ ಪೈಪು ಮೂರೇ ವಾರದಲ್ಲಿ ಮೋರಿಯ ವಾಸನೆ ಹೊಡೆಯುತ್ತದೆ ಎಂಬುದೂ ಅಷ್ಟೇ ಸತ್ಯ. ಒದ್ದೆ ಎಲೆಯನ್ನು ಇಷ್ಟಪಡುವ, ಆದರೆ ಫಿಲ್ಟರಿನ ಪೊಟ್ಟಣಕ್ಕೆ ಕಾಯಲಾರದ ಮನುಷ್ಯನಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ನನಗೆ ಕಂಡಿಲ್ಲ. ಫಾಲ್ಕನ್ ಪೈಪು ಇದರ ಅಮೆರಿಕನ್ ಸೋದರ: 1936ರ ವಿನ್ಯಾಸ, ಅಲ್ಯೂಮಿನಿಯಂ ಕಾಂಡ, ತಿರುಗಿಸಿ ಕೂರಿಸುವ ಬಟ್ಟಲು, ಅದರ ಕೆಳಗಿನ ಬಟ್ಟಲಾಕಾರದ ತಟ್ಟೆಯಲ್ಲಿ ನೀರು. ನೋಡಲು ವೈದ್ಯರ ಉಪಕರಣದಂತಿದ್ದರೂ ಕೆಲಸದಲ್ಲಿ ಅಚ್ಚುಕಟ್ಟು.

ನಮ್ಮ ಕಡೆಯ ಚಿಲುಮೆಯನ್ನು ನೆನೆಯದೆ ಈ ಮಾತು ಮುಂದಕ್ಕೆ ಹೋಗದು. ಜಾತ್ರೆಯ ಬೈರಾಗಿಗಳ ಕೈಯಲ್ಲಿ ನೋಡಿರುತ್ತೀರಿ. ಮಣ್ಣಿನ ಚಿಲುಮೆಯ ಗಂಟಲಿಗೆ ಒಂದು ಪುಟ್ಟ ಕಲ್ಲು, ಕಿಡಿ ಮತ್ತು ಸೊಪ್ಪು ಬಾಯಿಗೆ ಬರದಂತೆ. ಕೆಳತುದಿಗೆ ಸುತ್ತಿದ ಒದ್ದೆ ಬಟ್ಟೆ, ಹೊಗೆ ತಣ್ಣಗಾಗಲು. ಸಿರಾಮಿಕ್ ಬಿಲ್ಲೆಯ ಕೆಲಸವನ್ನು ಬೆಣಚುಕಲ್ಲು ಮಾಡುತ್ತದೆ, ಮೀರ್ಶಾಮ್ ಕಾಳಿನ ಕೆಲಸವನ್ನು ಬಟ್ಟೆಯ ಚೂರು. ಗುಡಗುಡಿಯಲ್ಲಂತೂ ನೀರೇ ಫಿಲ್ಟರ್. ಸಮಸ್ಯೆ ಎಲ್ಲ ಕಡೆಯೂ ಒಂದೇ ಆಗಿತ್ತು.

ಏನೂ ಇಲ್ಲದೆ

ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಪೈಪುಪ್ರಿಯರಲ್ಲಿ ಹಲವರು ಫಿಲ್ಟರನ್ನು ಮುಟ್ಟುವುದಿಲ್ಲ. ಮೂಡಿಗೆರೆಯ ಕಾಫಿ ತೋಟವೊಂದರಲ್ಲಿ ರೈಟರಾಗಿದ್ದ ನನ್ನ ಸೋದರಮಾವನೂ ಮುಟ್ಟುತ್ತಿರಲಿಲ್ಲ. ತೋಟದ ಹಳೆಯ ಮ್ಯಾನೇಜರು ಬಿಟ್ಟುಹೋಗಿದ್ದ ಬ್ರಯರ್ ಮರದ ಪೈಪು ಅವನದು. ಮಲೆನಾಡಿನ ಆಷಾಢದಲ್ಲಿ ಗೋಡೆಯೇ ಬೆವರುತ್ತಿರುವಾಗ ಡಬ್ಬಿಯ ಎಲೆ ಒಣಗಿರಲು ಸಾಧ್ಯವೆ? ಮಾವ ಸೇದುವುದಕ್ಕೆ ಅರ್ಧ ಗಂಟೆ ಮೊದಲು ಒಂದು ಚಿಟಿಕೆ ಎಲೆಯನ್ನು ಹಳೆಯ ಪತ್ರಿಕೆಯ ಮೇಲೆ ಹರಡಿ, ಒಲೆಕಟ್ಟೆಯ ಬೆಚ್ಚಗಿನ ಮೂಲೆಯಲ್ಲಿ ಇಡುತ್ತಿದ್ದ. ಎರಡು ಬೆರಳಿನಿಂದ ಹಿಚುಕಿದರೆ ಎಲೆ ಅಂಟಬಾರದು, ಪುಡಿಯೂ ಆಗಬಾರದು. ಅದು ಅವನ ಅಳತೆ. ನಡುವೆ ಸದ್ದು ಬಂದರೆ ದಾರದ ಎಳೆ ಸುತ್ತಿದ ತಂತಿಯನ್ನು, ಅಂದರೆ ಪೈಪ್ ಕ್ಲೀನರನ್ನು, ಬಾಯಿನಳಿಗೆಯಿಂದ ಬಟ್ಟಲಿನ ತಳದವರೆಗೆ ತೂರಿಸಿ ತೆಗೆಯುತ್ತಿದ್ದ. ಹತ್ತು ಸೆಕೆಂಡಿನ ಕೆಲಸ.

ಈ ಹತ್ತು ಸೆಕೆಂಡಿನಲ್ಲಿ ಫಿಲ್ಟರ್ ಇಲ್ಲದ ಪೈಪಿನ ದೊಡ್ಡ ಲಾಭ ಇದೆ. ಫಿಲ್ಟರ್ ಕೂತಿರುವ ಪೈಪಿನಲ್ಲಿ ಆ ತಂತಿ ಅರ್ಧ ದಾರಿಗೇ ನಿಲ್ಲುತ್ತದೆ. ಬಟ್ಟಲಿನ ತಳದಲ್ಲಿ ನೀರು ಕಟ್ಟಿದರೆ ಸೇದುವುದನ್ನು ನಿಲ್ಲಿಸಿ ಆರುವವರೆಗೆ ಕಾಯಬೇಕು. ಕಾಯುವ ತಾಳ್ಮೆ ನನಗಿರಲಿಲ್ಲ. ಅದೇ ಆತುರದಲ್ಲಿ, ಫಿಲ್ಟರ್ ಇಲ್ಲದ ಮಾವನ ಪೈಪಿನ ಬಾಯಿನಳಿಗೆಯನ್ನೂ ಒಂದು ಸಂಜೆ ಬಿಸಿಯಿರುವಾಗಲೇ ತಿರುಚಿ ಎಳೆದೆ. ಉಬ್ಬಿದ್ದ ಮೊನೆ ಬಿಗಿಯಾಗಿ ಹಿಡಿದಿತ್ತು. ಟಿಕ್ ಎಂಬ ಸಣ್ಣ ಸದ್ದು, ಕತ್ತಿನ ಮೇಲೆ ಕೂದಲೆಳೆಯ ಬಿರುಕು. ಅದಕ್ಕೆ ಹಿತ್ತಾಳೆಯ ಉಂಗುರ ಹಾಕಿಸಿದ್ದೇನೆ. ಪೈಪು ಪೂರಾ ತಣ್ಣಗಾಗದೆ ಕಳಚಬೇಡಿ, ಫಿಲ್ಟರ್ ಇರಲಿ ಇಲ್ಲದಿರಲಿ.

ಎಲೆಯನ್ನು ನೋಡಿ ಫಿಲ್ಟರ್

ಯಾವ ಎಲೆ ಸೇದುತ್ತೀರಿ ಎಂಬುದರ ಮೇಲೂ ಲೆಕ್ಕ ಬದಲಾಗುತ್ತದೆ. ವೆನಿಲ್ಲಾ, ಚೆರ್ರಿ, ಜೇನಿನ ಪರಿಮಳ ಹಾಕಿದ ಮಿಶ್ರಣಗಳು ಒಣಗದಂತೆ ಅವಕ್ಕೆ ಪ್ರೊಪಿಲೀನ್ ಗ್ಲೈಕಾಲ್ ಎಂಬ ತೇವ ಹಿಡಿಯುವ ದ್ರವವನ್ನು ಸೇರಿಸುವುದುಂಟು. ಅವನ್ನು ಎಷ್ಟು ಹೊತ್ತು ಪತ್ರಿಕೆಯ ಮೇಲೆ ಹರಡಿದರೂ ಜಿಗುಟು ಹೋಗದು. ಇಂಥವಕ್ಕೆ 9 ಮಿಲಿಮೀಟರಿನ ಇದ್ದಿಲು ಸರಿಯಾದ ಜೋಡಿ. ಕಳೆದುಹೋಗುವ ರುಚಿ ಹೇಗೂ ಮೇಲಿನಿಂದ ಹಚ್ಚಿದ ರುಚಿ, ಕೋಣೆಯಲ್ಲಿರುವವರಿಗೆ ಪರಿಮಳವಂತೂ ಸಿಕ್ಕೇ ಸಿಗುತ್ತದೆ.

ವರ್ಜೀನಿಯಾ ಎಲೆಯ ಮಾತು ಬೇರೆ. ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ಬೆಳೆದು, ಬ್ಯಾರನ್ ಎಂಬ ಒಣಗುಮನೆಗಳ ಬಿಸಿಗಾಳಿಯಲ್ಲಿ ಹದಗೊಂಡು, ತಂಬಾಕು ಮಂಡಳಿಯ ಹರಾಜು ಕಟ್ಟೆಗೆ ಬರುವುದು ಇದೇ ಜಾತಿಯ ಎಲೆ. ಅಲ್ಲಿಂದ ಅದು ಹೋಗುವುದು ಬಹುತೇಕ ಸಿಗರೇಟಿಗೆ. ಪೈಪಿನ ವರ್ಜೀನಿಯಾದಲ್ಲಿ ಸಹಜ ಸಕ್ಕರೆ ಹೆಚ್ಚು. ನಿಧಾನವಾಗಿ ಸೇದಿದರೆ ಹುಲ್ಲಿನ, ಹಣ್ಣಿನ, ಬ್ರೆಡ್ಡಿನ ಎಳೆಗಳು ಒಂದೊಂದಾಗಿ ಬಿಚ್ಚುತ್ತವೆ, ಆತುರಪಟ್ಟರೆ ನಾಲಗೆಯನ್ನು ಸುಡುತ್ತವೆ. ಇದಕ್ಕೆ ಇದ್ದಿಲು ಹಾಕುವುದು ಸಂಗೀತ ಕಚೇರಿಗೆ ಹತ್ತಿ ತುರುಕಿಕೊಂಡು ಹೋದಂತೆ. ಏನೂ ಹಾಕಬೇಡಿ, ಇಲ್ಲವೇ ಬಾಲ್ಸಾ. ಸೌದೆ ಹೊಗೆಯಲ್ಲಿ ಹದಗೊಳಿಸುವ ಸೈಪ್ರಸ್ಸಿನ ಲಟಾಕಿಯಾ ಎಂಬ ಎಲೆ ಮಾತ್ರ ಎಷ್ಟು ಗಡಸು ಎಂದರೆ, ಇದ್ದಿಲನ್ನು ದಾಟಿಯೂ ಅದರ ಕಮಟು ವಾಸನೆ ಬಾಯಿಗೆ ಬಂದೇ ಬರುತ್ತದೆ. ಬರ್ಲಿ ಎಲೆಯ ಹೊಗೆ ಹೆಚ್ಚು ಕ್ಷಾರ, ನಿಕೋಟಿನ್ ಕೂಡ ಜೋರು. ತಲೆ ತಿರುಗಿದರೆ ಫಿಲ್ಟರ್ ಬದಲಿಸುವುದಲ್ಲ, ಪೈಪನ್ನು ಕೆಳಗಿಡುವುದು ಪರಿಹಾರ.

ಫಿಲ್ಟರ್ ಮಾಡದ ಕೆಲಸ

‘ಫಿಲ್ಟರ್ ಇದೆಯಲ್ಲ, ಏನೂ ಆಗುವುದಿಲ್ಲ’ ಎಂಬ ಮಾತನ್ನು ನನ್ನೆದುರು ಹಲವರು ಆಡಿದ್ದಾರೆ. ಡಾಕ್ಟರ್, ಮೆಡಿಕೊ ಎಂಬ ಹೆಸರುಗಳನ್ನು ಇಟ್ಟವರ ಮನಸ್ಸಿನಲ್ಲೂ ಇಂಥದ್ದೇ ನಂಬಿಕೆಯನ್ನು ಮಾರುವ ಆಸೆ ಇದ್ದಿರಬೇಕು. ಇದ್ದಿಲು ಕೆಲವು ಆವಿಗಳನ್ನು ಹಿಡಿಯುತ್ತದೆ, ನಿಜ. ಆದರೆ ಕಾರ್ಬನ್ ಮಾನಾಕ್ಸೈಡ್ ಅದಕ್ಕೆ ಸಿಗುವುದಿಲ್ಲ, ನೇರವಾಗಿ ಹಾದುಬರುತ್ತದೆ. ಪೈಪಿನ ಹೊಗೆಯನ್ನು ಒಳಕ್ಕೆ ಎಳೆದುಕೊಳ್ಳದಿದ್ದರೂ, ಅದು ಕ್ಷಾರವಾಗಿರುವುದರಿಂದ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಸೇವನೆಯನ್ನು ಕ್ಯಾನ್ಸರ್ ತರುವುದು ಖಚಿತವೆಂದು ಗೊತ್ತಾದ ಮೊದಲ ಗುಂಪಿನಲ್ಲಿ ಇಟ್ಟಿದೆ. ಪೈಪಿಗೆ ಅದರಲ್ಲಿ ರಿಯಾಯಿತಿ ಇಲ್ಲ. ತುಟಿ, ನಾಲಗೆ, ಗಂಟಲು ಪೈಪಿನ ಹೊಗೆಗೆ ಮೊದಲು ಸಿಗುವ ಜಾಗಗಳು. ಸೇದದವರು ಈ ಬರಹವನ್ನು ಓದಿ ಶುರು ಮಾಡಲಿ ಎಂಬುದು ನನ್ನ ಉದ್ದೇಶವಲ್ಲ. ಸೇದುವವರು ಆರೋಗ್ಯದ ಹೆಸರಿನಲ್ಲಿ ಫಿಲ್ಟರಿಗೆ ದುಡ್ಡು ಕೊಡುವುದಾದರೆ ಆ ದುಡ್ಡು ವ್ಯರ್ಥ; ಒಣ ಹೊಗೆಗಾಗಿ ಕೊಟ್ಟರೆ ಅದು ದಕ್ಕುತ್ತದೆ. ಸಾರ್ವಜನಿಕ ಜಾಗದಲ್ಲಿ ಸೇದುವುದಕ್ಕೆ ದೇಶದಲ್ಲೆಲ್ಲ 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಷೇಧ ಪೈಪಿಗೂ ಅನ್ವಯಿಸುತ್ತದೆ, ಅದರೊಳಗೆ ಎಂಥ ಫಿಲ್ಟರ್ ಇದ್ದರೂ.

ಹಾಗಾದರೆ ಕೊಳ್ಳುವುದು ಯಾವುದನ್ನು?

ಪರಿಮಳದ ಎಲೆ, ಅವಸರದ ಸ್ವಭಾವ, ವರ್ಷಕ್ಕೆರಡು ಸಲ ಯೂರೋಪಿನಿಂದ ಬರುವ ನೆಂಟ, ಈ ಮೂರೂ ಇದ್ದರೆ 9 ಮಿಲಿಮೀಟರ್. ಅಡಾಪ್ಟರ್ ಜೊತೆಗಿದೆಯೇ ಎಂದು ಕೇಳಿ ತೆಗೆದುಕೊಳ್ಳಿ. ನೆಂಟನಿಲ್ಲ, ಆದರೆ ಕೈಯಲ್ಲಿ ಬ್ಲೇಡು ಹಿಡಿಯುವ ಅಭ್ಯಾಸವಿದೆ ಎಂದರೆ 6ರ ಬಾಲ್ಸಾ. ಫಿಲ್ಟರಿನ ಗೋಜೇ ಬೇಡ, ಒರೆಸುವುದಕ್ಕೆ ಬೇಸರವಿಲ್ಲ ಎನ್ನುವವರಿಗೆ ಬಾವಿಯಿರುವ ಪೈಪು. ಎಲೆಯನ್ನು ಒಣಗಿಸಿ, ನಿಧಾನವಾಗಿ, ದಮ್ಮಿಗೂ ದಮ್ಮಿಗೂ ನಡುವೆ ಎರಡು ಮಾತು ಆಡುವಷ್ಟು ಬಿಡುವು ಕೊಟ್ಟು ಸೇದುವವರಿಗೆ ಬರಿಯ ರಂಧ್ರ ಸಾಕು. ನಾನು ಈಗ ವಾರದಲ್ಲಿ ಒಂದು ಸಲ ಮಾವನ ಪೈಪನ್ನೇ ತೆಗೆಯುತ್ತೇನೆ. ಜರ್ಮನಿಯದು ಅಡಾಪ್ಟರ್ ಹಾಕಿಕೊಂಡು ಕಪಾಟಿನಲ್ಲಿ ಕೂತಿದೆ.

ಹಳೆಯ ಪೈಪನ್ನು, ಅಥವಾ ಅಳತೆ ಬರೆದಿರದ ಪೈಪನ್ನು ಕೊಳ್ಳುವಾಗ ಜೇಬಿನಲ್ಲಿ ಒಂದು ಸಾಮಾನ್ಯ ಆರು ಮೂಲೆಯ ಪೆನ್ಸಿಲ್ ಮತ್ತು ಒಂದು ಊದುಬತ್ತಿ ಇರಲಿ. ಬಾಯಿನಳಿಗೆಯನ್ನು ಕಳಚಿ ಅದರ ಮೊನೆಯ ರಂಧ್ರವನ್ನು ನೋಡಿ. ಕತ್ತಿನ ರಂಧ್ರವನ್ನು ನಂಬಬೇಡಿ, ಅದು ಮೊನೆ ಕೂರುವ ಜಾಗವಾದ್ದರಿಂದ ಎಲ್ಲ ಪೈಪುಗಳಲ್ಲೂ ಅಗಲವಾಗಿಯೇ ಇರುತ್ತದೆ. ಪೆನ್ಸಿಲ್ ಸರಾಗವಾಗಿ ಒಳಗೆ ಹೋದರೆ 9 ಮಿಲಿಮೀಟರ್. ಪೆನ್ಸಿಲ್ ಬಾಯಲ್ಲೇ ತಡೆದು, ಊದುಬತ್ತಿ ಅತ್ತಿತ್ತ ತೊನೆದಾಡಿದರೆ 6. ಊದುಬತ್ತಿಯೊಂದೇ ಹೋಗುವಷ್ಟು ಜಾಗವಿದ್ದರೆ ಅದು ಫಿಲ್ಟರ್ ಕಾಣದ ಪೈಪು. ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.